ಒಂದು ಸೇತುವೆ, ಒಂದು ಶಾಲೆ, ಒಂದೇ ಹೆಸರು: ಅಮೆರಿಕಕ್ಕೆ ರೈಲು ತಂದ ಬ್ಯಾಂಕರ್ ಫಿಲಿಪ್ ಥಾಮಸ್



ಮನಾಪಲಿ ಆಟ ಆಡಿದ್ದೀರಾ? ಅಮೆರಿಕದ ಹಳೇ ಬೋರ್ಡ್‌ನಲ್ಲಿ ನಾಲ್ಕು ರೈಲು ಕಂಪನಿಗಳು ಇರ್ತವೆ. ಅದರಲ್ಲಿ ಒಂದರ ಹೆಸರು 'ಬಿ ಅಂಡ್ ಒ'. ಪೂರ್ತಿ ಹೇಳಬೇಕಂದ್ರೆ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್‌ರೋಡ್. ಆಟದಲ್ಲಿ ಅದನ್ನ ಕೊಳ್ಳೋದು ಸುಲಭ, ನೋಟು ಎಣಿಸಿ ಕೊಟ್ರೆ ಆಯ್ತು. ಆದರೆ ನಿಜವಾಗಿ ಈ ಕಂಪನಿ ಶುರುವಾದಾಗ, ಅದನ್ನ ಶುರು ಮಾಡಿದವರಿಗೇ ರೈಲು ಹೇಗೆ ಓಡುತ್ತೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಎಂಜಿನ್ ಇರಲಿಲ್ಲ, ಅನುಭವ ಇದ್ದ ಎಂಜಿನಿಯರ್ ಇರಲಿಲ್ಲ. ಇದ್ದದ್ದು ಒಂದು ಊರಿನ ಭಯ, ಮತ್ತೆ ಒಬ್ಬ ಬ್ಯಾಂಕರ್ ಮೇಲೆ ಜನಕ್ಕಿದ್ದ ನಂಬಿಕೆ.

ಆ ಬ್ಯಾಂಕರ್ ಹೆಸರು ಫಿಲಿಪ್ ಇವಾನ್ ಥಾಮಸ್. ಅವರ ಹೆಸರನ್ನ ಅಮೆರಿಕದಲ್ಲಿ ಎರಡು ಮುಖ್ಯ ಕಡೆ ಇಟ್ಟರು. ಒಂದು ಸೇತುವೆಗೆ, ಇನ್ನೊಂದು ಶಾಲೆಗೆ. ಸೇತುವೆಯ ಮೇಲೆ ಈಗಲೂ ರೈಲು ಓಡ್ತಿದೆ. ಆ ಶಾಲೆಗಾಗಿ ಒಂದು ರಾಜ್ಯ ಸರ್ಕಾರ 2025ರಲ್ಲಿ ಕ್ಷಮೆ ಕೇಳಬೇಕಾಯ್ತು. ಇವತ್ತಿನ ಕಥೆ ಇವೆರಡರ ನಡುವಿನದು.

ಥಾಮಸ್ ಹುಟ್ಟಿದ್ದು 1776ರ ನವೆಂಬರ್‌ನಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ವರ್ಷವೇ ಅದು. ಮನೆಯವರು ಕ್ವೇಕರ್ ಪಂಥದವರು. ಕ್ವೇಕರ್ ಅಂದ್ರೆ ಕ್ರೈಸ್ತರಲ್ಲೇ ಒಂದು ಸಣ್ಣ ಗುಂಪು: ಯುದ್ಧ ಬೇಡ, ಆಡಂಬರ ಬೇಡ, ಆಣೆ ಹಾಕೋದೂ ಬೇಡ, ಆಡಿದ ಮಾತೇ ಸಾಕು ಅನ್ನೋ ಜನ. ಇಂಥವರು ವ್ಯಾಪಾರಕ್ಕೆ ಇಳಿದ್ರೆ ಏನಾಗುತ್ತೆ? ಜನ ನಂಬ್ತಾರೆ. ಥಾಮಸ್ ಬಾಲ್ಟಿಮೋರ್ ಪಟ್ಟಣಕ್ಕೆ ಬಂದು ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡಿದರು. ಆಮೇಲೆ ಅಲ್ಲಿನ ಮೆಕ್ಯಾನಿಕ್ಸ್ ಬ್ಯಾಂಕಿನ ಅಧ್ಯಕ್ಷರಾದರು. ಹೀಗೇ ಇದ್ದಿದ್ರೆ ಊರಿನ ಗೌರವಾನ್ವಿತ ಹಿರಿಯರಾಗಿ ಬಾಳಿ ಹೋಗ್ತಿದ್ರು, ನಾವ್ಯಾರೂ ಅವರ ಬಗ್ಗೆ ಮಾತಾಡ್ತಿರಲಿಲ್ಲ.

ಆದರೆ 1825ರಲ್ಲಿ ಒಂದು ಕಾಲುವೆ ತೆರೀತು. ನೆನಪಿಟ್ಟುಕೊಳ್ಳಿ, ಈ ಕಾಲುವೆ ನಮ್ಮ ಕಥೆಯಲ್ಲಿ ಎರಡು ಸಲ ಬರುತ್ತೆ.

ಅದರ ಹೆಸರು ಈರಿ ಕಾಲುವೆ. ನ್ಯೂಯಾರ್ಕ್ ರಾಜ್ಯದ ಒಂದು ಬದಿಯ ಆಲ್ಬನಿಯಿಂದ ಇನ್ನೊಂದು ಬದಿಯ ಬಫಲೊವರೆಗೆ 363 ಮೈಲಿ, ಅಂದ್ರೆ 584 ಕಿಲೋಮೀಟರ್. ಅಲ್ಲಿಯವರೆಗೆ ಬಫಲೊದಿಂದ ನ್ಯೂಯಾರ್ಕ್ ನಗರಕ್ಕೆ ಒಂದು ಟನ್ ಸರಕು ಸಾಗಿಸೋಕೆ ಸುಮಾರು 100 ಡಾಲರ್ ಬೇಕಿತ್ತು. ಕಾಲುವೆ ಬಂದ ಮೇಲೆ ಅದು 10 ಡಾಲರ್ ಆಸುಪಾಸಿಗೆ ಇಳೀತು. ಪಶ್ಚಿಮದ ರೈತರ ಗೋಧಿ, ಹಿಟ್ಟು, ಮಾಂಸ ಎಲ್ಲಾ ನ್ಯೂಯಾರ್ಕ್ ಕಡೆಗೆ ಹರಿಯೋಕೆ ಶುರುವಾಯ್ತು. ಬಾಲ್ಟಿಮೋರ್ ವ್ಯಾಪಾರಿಗಳ ಹೊಟ್ಟೆಗೆ ಹೊಡೆತ ಬಿತ್ತು. ನಕ್ಷೆಯಲ್ಲಿ ನೋಡಿದ್ರೆ ಪಶ್ಚಿಮದ ಒಹಾಯೊ ನದಿಗೆ ಬಾಲ್ಟಿಮೋರೇ ಹತ್ತಿರ. ಆದರೆ ಮಧ್ಯದಲ್ಲಿ ಬೆಟ್ಟದ ಸಾಲು. ಹತ್ತಿರ ಇದ್ದು ಏನು ಪ್ರಯೋಜನ?

ನಾವೂ ಒಂದು ಕಾಲುವೆ ತೋಡಿಬಿಡೋಣ ಅನ್ನೋ ಯೋಜನೆಯೂ ಇತ್ತು. ಚೆಸಪೀಕ್ ಅಂಡ್ ಒಹಾಯೊ ಕಾಲುವೆ. ಮೇರಿಲ್ಯಾಂಡ್ ಪರವಾಗಿ ಆ ಯೋಜನೆಯ ಆಯುಕ್ತರಲ್ಲಿ ಥಾಮಸ್ ಕೂಡ ಒಬ್ಬರು. ಸೇನೆಯ ಎಂಜಿನಿಯರುಗಳು ಅಳತೆ ಮಾಡಿ 1826ರಲ್ಲಿ ಅಂದಾಜು ಕೊಟ್ಟರು: 2 ಕೋಟಿ 20 ಲಕ್ಷ ಡಾಲರ್! ಅಷ್ಟು ಖರ್ಚು ಮಾಡಿದರೂ ಆ ಕಾಲುವೆ ಬಂದು ಸೇರೋದು ವಾಷಿಂಗ್ಟನ್ ಪಕ್ಕದ ಜಾರ್ಜ್‌ಟೌನ್‌ಗೆ, ಬಾಲ್ಟಿಮೋರ್‌ಗಲ್ಲ. ಥಾಮಸ್ ಬ್ಯಾಂಕರ್ ಅಲ್ವಾ, ಲೆಕ್ಕ ನೋಡಿದರು, ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಎದ್ದು ಬಂದರು.

ಅದೇ ಹೊತ್ತಿಗೆ ಅವರ ಸಹೋದರ ಇವಾನ್ ಥಾಮಸ್ ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿ ಸ್ಟಾಕ್ಟನ್ ಅಂಡ್ ಡಾರ್ಲಿಂಗ್ಟನ್ ಅನ್ನೋ ಹೊಸ ರೈಲು ಮಾರ್ಗದಲ್ಲಿ ಕಲ್ಲಿದ್ದಲು ಸಾಗಿಸೋದನ್ನ ನೋಡಿ, ಆ ವಿವರ ಹೊತ್ತು ತಂದರು. ಥಾಮಸ್ ಅವರ ಬ್ಯಾಂಕಿನ ನಿರ್ದೇಶಕರಲ್ಲಿ ಒಬ್ಬರಾದ ಜಾರ್ಜ್ ಬ್ರೌನ್ ಎಂಬವರ ಅಣ್ಣ ಲಿವರ್‌ಪೂಲ್‌ನಲ್ಲೇ ಇದ್ದರು, ಅವರಿಂದಲೂ ಮಾಹಿತಿ ಬಂತು. 1827ರ ಫೆಬ್ರವರಿ 12ರಂದು ಜಾರ್ಜ್ ಬ್ರೌನ್ ಮನೆಯಲ್ಲಿ ಸುಮಾರು 25 ಜನ ವ್ಯಾಪಾರಿಗಳು ಸೇರಿದರು. ಒಂದು ಸಮಿತಿ ಮಾಡಿದರು. ಒಂದೇ ವಾರದಲ್ಲಿ ವರದಿ ಬಂತು. ಫೆಬ್ರವರಿ 28ಕ್ಕೆ ರಾಜ್ಯದಿಂದ ಸನ್ನದು ಸಿಕ್ಕಿತು. ಹದಿನಾರೇ ದಿನ! ಥಾಮಸ್ ಕಂಪನಿಯ ಮೊದಲ ಅಧ್ಯಕ್ಷ, ಬ್ರೌನ್ ಖಜಾಂಚಿ. ಆಗ ಥಾಮಸ್ ವಯಸ್ಸು 50. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಐವತ್ತನೇ ವಯಸ್ಸಿನಲ್ಲಿ ಸ್ಟಾರ್ಟಪ್.

ಬಂಡವಾಳ 30 ಲಕ್ಷ ಡಾಲರ್, ಒಂದು ಷೇರಿಗೆ 100 ಡಾಲರ್ ಅಂತ ಇಟ್ಟರು. ರಾಜ್ಯ ಮತ್ತು ನಗರ ಸರ್ಕಾರಗಳೂ ಪಾಲು ತಗೊಂಡವು. ಉಳಿದದ್ದು ಜನರಿಗೆ. ಜನ ಮುಗಿಬಿದ್ದರು, ಇದ್ದ ಷೇರುಗಳಿಗಿಂತ ಬೇಡಿಕೆಯೇ ಹೆಚ್ಚಾಯ್ತು. ಇಲ್ಲೊಂದು ಕ್ಷಣ ಯೋಚನೆ ಮಾಡಿ. ಕೊಂಡವರಲ್ಲಿ ಹೆಚ್ಚಿನವರು ರೈಲನ್ನ ಕಣ್ಣಾರೆ ಕಂಡವರೇ ಅಲ್ಲ. ಅವರು ದುಡ್ಡು ಹಾಕಿದ್ದು ತಂತ್ರಜ್ಞಾನದ ಮೇಲಲ್ಲ, ಆ ಹೆಸರುಗಳ ಮೇಲೆ.

1828ರ ಜುಲೈ 4ರಂದು ಅಡಿಗಲ್ಲು. ಇಟ್ಟವರು ಚಾರ್ಲ್ಸ್ ಕ್ಯಾರಲ್, 90 ವರ್ಷದ ಮುದುಕರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕಿದ್ದವರು ಇವರೊಬ್ಬರೇ. ತಮಾಷೆ ಏನಂದ್ರೆ, ಅದೇ ದಿನ ಸ್ವಲ್ಪ ದೂರದಲ್ಲಿ ಎದುರಾಳಿ ಕಾಲುವೆಗೂ ಗುದ್ದಲಿ ಪೂಜೆ. ಅಲ್ಲಿಗೆ ಬಂದವರು ಸಾಕ್ಷಾತ್ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಸಲಿಕೆ ಹಾಕಿದರೆ ಬೇರಿಗೆ ತಗುಲಿ ನೆಲ ಮಿಸುಕಲಿಲ್ಲ. ಮತ್ತೆ ಹಾಕಿದರೂ ಅದೇ ಕತೆ. ಕೊನೆಗೆ ಅಧ್ಯಕ್ಷರು ಕೋಟು ಬಿಚ್ಚಿಟ್ಟು ಕೆಲಸಕ್ಕಿಳಿದರು, ಜನ ಚಪ್ಪಾಳೆ ತಟ್ಟಿದರು.

ಸರಿ, ಷೇರು ಮಾರಿದ್ದಾಯ್ತು, ಅಡಿಗಲ್ಲೂ ಬಿತ್ತು. ರೈಲನ್ನ ಎಳೆಯೋದು ಯಾವುದು?

ಉತ್ತರ ಯಾರಿಗೂ ಗೊತ್ತಿರಲಿಲ್ಲ. ಮೂವರು ಎಂಜಿನಿಯರುಗಳನ್ನ ಇಂಗ್ಲೆಂಡಿಗೆ ಕಳಿಸಿ ಕಲಿತು ಬನ್ನಿ ಅಂದರು. ಇತ್ತ ಬಾಲ್ಟಿಮೋರ್‌ನಲ್ಲಿ ಎಲ್ಲ ಪ್ರಯೋಗವೂ ನಡೀತು. ಕುದುರೆ ಕಟ್ಟಿದರು. ಕುದುರೆಯನ್ನ ಗಾಡಿಯ ಒಳಗೇ ಟ್ರೆಡ್‌ಮಿಲ್ ಮೇಲೆ ನಡೆಸಿ ಚಕ್ರ ತಿರುಗಿಸಿದರು. ಥಾಮಸ್ ಅವರ ಸಹೋದರ ಇವಾನ್ ಅಂತೂ ಗಾಡಿಗೆ ಹಡಗಿನ ಹಾಯಿ ಕಟ್ಟಿ ಗಾಳಿಯಲ್ಲಿ ಓಡಿಸಿದರು! 1830ರ ಮೇ ತಿಂಗಳಲ್ಲಿ ಎಲಿಕಾಟ್ಸ್ ಮಿಲ್ಸ್ ಅನ್ನೋ ಊರಿನವರೆಗೆ 13 ಮೈಲಿ ಸಂಚಾರ ಶುರುವಾದಾಗ ಎಳೆದದ್ದು ಕುದುರೆಗಳೇ.

ಆಗ ಬಂದವರು ಪೀಟರ್ ಕೂಪರ್. ನ್ಯೂಯಾರ್ಕಿನ ಈ ಉದ್ಯಮಿ ಬಾಲ್ಟಿಮೋರ್‌ನಲ್ಲಿ ಜಾಗ ಕೊಂಡಿದ್ದರು. ರೈಲು ಸೋತ್ರೆ ಜಾಗದ ಬೆಲೆ ನೆಲ ಕಚ್ಚುತ್ತೆ ಅನ್ನೋ ಚಿಂತೆ ಅವರಿಗೆ. ಇಲ್ಲಿನ ತಿರುವುಗಳಲ್ಲಿ ಉಗಿ ಎಂಜಿನ್ ಓಡೋದೇ ಇಲ್ಲ ಅಂತ ಹಲವರು ಕೈಚೆಲ್ಲಿದ್ದರು. ಕೂಪರ್ ಸಿಕ್ಕ ಸಿಕ್ಕ ಸಾಮಾನು ಸೇರಿಸಿ, ಬಾಯ್ಲರ್ ಕೊಳವೆಗೆ ಬಂದೂಕಿನ ನಳಿಗೆಗಳನ್ನ ಹಾಕಿ, ಒಂದು ಪುಟ್ಟ ಎಂಜಿನ್ ಮಾಡಿದರು. ಹೆಸರು 'ಟಾಮ್ ಥಂಬ್'. ಅದು ತಿರುವುಗಳಲ್ಲಿ ಓಡ್ತು. ಆಮೇಲೆ ಕುದುರೆಯ ಜೊತೆ ಪಂದ್ಯ ಆಯ್ತು, ಎಂಜಿನ್ ಮುಂದೆ ಹೋಯ್ತು, ಗಾಳಿ ಊದೋ ಬೆಲ್ಟ್ ಜಾರಿ ಕುದುರೆ ಗೆದ್ದುಬಿಡ್ತು ಅನ್ನೋ ಕಥೆ ಪ್ರಸಿದ್ಧ. ಪಂದ್ಯ ಯಾರು ಗೆದ್ದರೂ, ವಾದ ಗೆದ್ದದ್ದು ಎಂಜಿನ್. 1831ರಲ್ಲಿ ಕಂಪನಿ ಒಳ್ಳೆ ಎಂಜಿನ್ ಮಾಡಿದವರಿಗೆ 4,000 ಡಾಲರ್ ಬಹುಮಾನ ಇಟ್ಟಿತು. ಗೆದ್ದವರು ಫಿನಿಯಸ್ ಡೇವಿಸ್, ಮೂಲತಃ ಗಡಿಯಾರ ಮಾಡೋರು.

ತಪ್ಪುಗಳೂ ಕಡಿಮೆ ಇರಲಿಲ್ಲ. ಶಾಶ್ವತವಾಗಿರಲಿ ಅಂತ ಎಷ್ಟೋ ದೂರ ಗ್ರಾನೈಟ್ ಕಲ್ಲಿನ ಮೇಲೆ ಕಬ್ಬಿಣದ ಪಟ್ಟಿ ಹಾಸಿದರು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲು ಅಲುಗಾಡ್ತು. ದುಡ್ಡು ನೀರಿನಂತೆ ಹೋಯ್ತು. ಆದರೆ ಥಾಮಸ್ ಕಂಪನಿ ಒಂದು ದೊಡ್ಡ ಕೆಲಸ ಮಾಡಿತು. ಏನು ಮಾಡಿದ್ವಿ, ಎಷ್ಟು ಖರ್ಚಾಯ್ತು, ಯಾವುದು ಕೆಟ್ಟಿತು ಅನ್ನೋದನ್ನೆಲ್ಲ ವಾರ್ಷಿಕ ವರದಿಗಳಲ್ಲಿ ಅಚ್ಚು ಹಾಕಿಸಿತು. ಬೇರೆ ಕಂಪನಿಗಳು ಅದನ್ನ ಓದಿ ಕಲಿತವು. 1835ರಲ್ಲಿ ಅಲ್ಲಿನ ರೈಲು ಪತ್ರಿಕೆಯೊಂದು ಇದನ್ನ ಅಮೆರಿಕದ ರೈಲು ವಿಶ್ವವಿದ್ಯಾಲಯ ಅಂತಲೇ ಕರೀತು. ಇವತ್ತು ನಾವು ಓಪನ್ ಸೋರ್ಸ್ ಅಂತೀವಲ್ಲ, ಹೆಚ್ಚುಕಡಿಮೆ ಹಾಗೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1831ರಲ್ಲಿ ಸೈಕ್ಸ್‌ವಿಲ್ ಹತ್ತಿರ ಒಬ್ಬ ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದ. ಕಾರ್ಮಿಕರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದ ಬಡವರು. ಸಿಟ್ಟಿಗೆದ್ದು, ತಾವೇ ಹಾಕಿದ ಹಳಿಯನ್ನ ತಾವೇ ಕಿತ್ತು ಎಸೆದರು. ಅವರನ್ನ ಹಿಡಿಯೋಕೆ ಸಶಸ್ತ್ರ ಪಡೆ ಬಂತು. ಅದು ಬಂದದ್ದು ಅದೇ ರೈಲು ಮಾರ್ಗದಲ್ಲಿ. ಯುದ್ಧವೇ ಬೇಡ ಅನ್ನೋ ಕ್ವೇಕರ್ ಒಬ್ಬರು ಅಧ್ಯಕ್ಷರಾಗಿದ್ದ ಕಂಪನಿ ಅದು.

ಈಗ ಸೇತುವೆಗೆ ಬರೋಣ. ಬಾಲ್ಟಿಮೋರ್‌ನಿಂದ ವಾಷಿಂಗ್ಟನ್‌ಗೆ ಕವಲು ಮಾರ್ಗ ಹಾಕೋಕೆ ಪಟಾಪ್ಸ್ಕೊ ನದಿ ದಾಟಬೇಕಿತ್ತು. ಅದೂ ತಿರುವಿನಲ್ಲಿ. ಕಲ್ಲಿನ ಸೇತುವೆ ವಕ್ರವಾಗಿ ಕಟ್ಟೋದು ಹುಚ್ಚುತನ ಅಂತ ಜನ ನಕ್ಕರು. ಎಂಜಿನಿಯರ್ ಬೆಂಜಮಿನ್ ಲಟ್ರೋಬ್ ಜೂನಿಯರ್ ಬಿಡಲಿಲ್ಲ. 1835ರಲ್ಲಿ ಎಂಟು ಕಮಾನಿನ, 612 ಅಡಿ ಉದ್ದದ ಸೇತುವೆ ಎದ್ದು ನಿಂತಿತು. ಅದಕ್ಕೆ ಅಧ್ಯಕ್ಷರ ಹೆಸರಿಟ್ಟರು: ಥಾಮಸ್ ವಯಾಡಕ್ಟ್. ಆಗಿನ ಎಂಜಿನ್‌ಗಳು ಹತ್ತು ಟನ್ನೂ ತೂಗ್ತಿರಲಿಲ್ಲ. ಇವತ್ತು ಅದರ ನೂರಾರು ಪಟ್ಟು ಭಾರದ ಗೂಡ್ಸ್ ರೈಲುಗಳು ಅದೇ ಕಮಾನುಗಳ ಮೇಲೆ ಹೋಗ್ತಿವೆ. ಬಾಲ್ಟಿಮೋರ್–ವಾಷಿಂಗ್ಟನ್ ನಡುವಿನ ಪ್ರಯಾಣಿಕರ ರೈಲೂ ಅಲ್ಲೇ ಹೋಗುತ್ತೆ. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ತನ್ನ ಪ್ರಸಿದ್ಧ ಟೆಲಿಗ್ರಾಫ್ ತಂತಿ ಎಳೆದದ್ದೂ ಇದೇ ಮಾರ್ಗದ ಗುಂಟ.

ಇಷ್ಟರಲ್ಲಿ ಮುಖ್ಯ ಮಾರ್ಗ ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಕಾಲುವೆ ಕಂಪನಿಯ ಜೊತೆ ಜಗಳಕ್ಕೆ ಬಿತ್ತು. ಪಾಯಿಂಟ್ ಆಫ್ ರಾಕ್ಸ್ ಅನ್ನೋ ಕಡೆ ನದಿಗೂ ಬೆಟ್ಟಕ್ಕೂ ನಡುವೆ ಜಾಗ ಕಿರಿದು. ಮೊದಲ ಹಕ್ಕು ಯಾರದು? 1832ರಲ್ಲಿ ಕೋರ್ಟು ಕಾಲುವೆಯ ಪರ ತೀರ್ಪು ಕೊಟ್ಟಿತು. ಆಮೇಲೆ ರಾಜಿಯಾಗಿ, ರೈಲು 1834ರ ಕೊನೆಗೆ ಹಾರ್ಪರ್ಸ್ ಫೆರಿಯ ಎದುರು ದಡ ಮುಟ್ಟಿತು. ಎಲ್ಲ ಸೇರಿ ಸುಮಾರು 130 ಕಿಲೋಮೀಟರ್. 1836ರಲ್ಲಿ ಥಾಮಸ್ ಆರೋಗ್ಯ ಸರಿಯಿಲ್ಲ ಅಂತ ರಾಜೀನಾಮೆ ಕೊಟ್ಟರು. ಒಹಾಯೊ ನದಿ ಇನ್ನೂ ದೂರ ಇತ್ತು. ರೈಲು ಅಲ್ಲಿನ ವೀಲಿಂಗ್ ಪಟ್ಟಣ ತಲುಪಿದ್ದು 1853ರ ಜನವರಿಯಲ್ಲಿ, ಶುರುವಾಗಿ ಹತ್ತಿರ ಹತ್ತಿರ ಕಾಲು ಶತಮಾನ ಆದ ಮೇಲೆ.

ಸಾಮಾನ್ಯವಾಗಿ ಅವರ ಜೀವನಕಥೆ ಇಲ್ಲಿಗೆ ಮುಗಿದುಬಿಡುತ್ತೆ. ನನಗೆ ಅನ್ಸೋದು, ನಿಜವಾದ ಕಥೆ ಶುರುವಾಗೋದೇ ಇಲ್ಲಿಂದ.

ಈರಿ ಕಾಲುವೆ ಮತ್ತೆ ಬರುತ್ತೆ ಅಂದಿದ್ದೆ ಅಲ್ವಾ? ಆ ಕಾಲುವೆಯ ಪಶ್ಚಿಮದ ತುದಿ ಬಫಲೊ. ಅದರ ಪಕ್ಕದಲ್ಲೇ ಸೆನೆಕ ಅನ್ನೋ ಮೂಲನಿವಾಸಿ ಜನರ ಬಫಲೊ ಕ್ರೀಕ್ ನೆಲ ಇತ್ತು. ಕಾಲುವೆ ಬಂತು, ಊರು ಬೆಳೀತು, ನೆಲದ ಬೆಲೆ ಏರಿತು. ರಿಂಗ್ ರೋಡ್ ಬಂದ ಮೇಲೆ ಪಕ್ಕದ ಹಳ್ಳಿಯ ಹೊಲಕ್ಕೆ ಏನಾಗುತ್ತೋ ಅದೇ. ಆಗ್ಡೆನ್ ಲ್ಯಾಂಡ್ ಕಂಪನಿ ಅನ್ನೋ ಭೂವ್ಯಾಪಾರಿಗಳ ಕೂಟದ ಕಣ್ಣು ಬಿತ್ತು. 1838ರ ಬಫಲೊ ಕ್ರೀಕ್ ಒಪ್ಪಂದದಲ್ಲಿ ಸೆನೆಕರ ನಾಲ್ಕು ನೆಲೆಗಳನ್ನ 2,02,000 ಡಾಲರ್‌ಗೆ ಕೊಂಡು, ಅವರನ್ನ ಮಿಸಿಸಿಪ್ಪಿ ನದಿಯ ಆಚೆಗೆ ಸಾಗಹಾಕೋ ಏರ್ಪಾಡು. ಕೆಲವು ಮುಖಂಡರಿಗೆ ಲಂಚ ಕೊಟ್ಟು, ಹೆಂಡ ಕುಡಿಸಿ, ಹೆದರಿಸಿ ಸಹಿ ಹಾಕಿಸಿದ್ದರು.

ಥಾಮಸ್ ಬಹಳ ವರ್ಷಗಳಿಂದ ಬಾಲ್ಟಿಮೋರ್ ಕ್ವೇಕರರ ಮೂಲನಿವಾಸಿ ಸಮಿತಿಯಲ್ಲಿ ಕೆಲಸ ಮಾಡ್ತಿದ್ದವರು. ಈ ಮೋಸದ ವಿರುದ್ಧ ಅವರೂ ಬೇರೆ ಕ್ವೇಕರರೂ ನಿಂತರು. ಸಾಕ್ಷ್ಯ ಸಂಗ್ರಹಿಸಿದರು, ಪುಸ್ತಕ ಅಚ್ಚು ಹಾಕಿಸಿದರು, ವಾಷಿಂಗ್ಟನ್‌ನಲ್ಲಿ ಬಾಗಿಲು ತಟ್ಟಿದರು. ಫಲ? ಅರ್ಧ. 1842ರಲ್ಲಿ ಹೊಸ ರಾಜಿ ಆಯ್ತು. ಕ್ಯಾಟರಾಗಸ್ ಮತ್ತು ಅಲಿಗೇನಿ ನೆಲೆಗಳು ಸೆನೆಕರಿಗೆ ಉಳಿದವು. ಬಫಲೊ ಕ್ರೀಕ್ ಮತ್ತು ಟೊನವಾಂಡ ಕೈಬಿಟ್ಟವು. ಟೊನವಾಂಡದ ಜನ ನಾವು ಸಹಿಯೇ ಹಾಕಿಲ್ಲ ಅಂತ ಹಟ ಹಿಡಿದರು. ವರ್ಷಗಟ್ಟಲೆ ಹೋರಾಡಿ, 1857ರಲ್ಲಿ ತಮ್ಮದೇ ನೆಲದ ಬಹುಭಾಗವನ್ನ ದುಡ್ಡು ಕೊಟ್ಟು ಮತ್ತೆ ಕೊಂಡರು. ಕ್ವೇಕರರ ರಾಜಿ ಉಳಿಸಿದ್ದೂ ನಿಜ, ಬಿಟ್ಟುಕೊಟ್ಟದ್ದೂ ನಿಜ.

1848ರಲ್ಲಿ ಕ್ಯಾಟರಾಗಸ್, ಅಲಿಗೇನಿಯ ಸೆನೆಕರು ಮುಖಂಡರ ಹಳೇ ಪದ್ಧತಿ ಬಿಟ್ಟು, ಲಿಖಿತ ಸಂವಿಧಾನ ಮಾಡಿಕೊಂಡು, ಚುನಾವಣೆಯ ಸರ್ಕಾರ ತಂದರು. ಅದಕ್ಕೆ ಕ್ವೇಕರರ ಬೆಂಬಲ ಇತ್ತು. ಎಲ್ಲ ಸೆನೆಕರೂ ಒಪ್ಪಲಿಲ್ಲ, ಹಳೇ ಮುಖಂಡರು ವಿರೋಧಿಸಿದರು. ಹೊಸ ಸರ್ಕಾರ ವಾಷಿಂಗ್ಟನ್‌ನಲ್ಲಿ ತಮ್ಮ ಪ್ರತಿನಿಧಿಯಾಗಿ ನೇಮಿಸಿದ್ದು ಫಿಲಿಪ್ ಥಾಮಸ್ ಅವರನ್ನ. ಎಪ್ಪತ್ತು ದಾಟಿದ ನಿವೃತ್ತ ಬ್ಯಾಂಕರ್ ಈಗ ಸೆನೆಕರ ರಾಯಭಾರಿ. ಅವರು ಇವರನ್ನ ತಮ್ಮವರೊಳಗೆ ಸೇರಿಸಿಕೊಂಡು ತಮ್ಮ ಭಾಷೆಯ ಹೆಸರನ್ನೂ ಕೊಟ್ಟರು.

ಈಗ ಶಾಲೆ. 1855ರಲ್ಲಿ ಕ್ಯಾಟರಾಗಸ್‌ನಲ್ಲಿ ಅನಾಥ ಮತ್ತು ನಿರ್ಗತಿಕ ಸೆನೆಕ ಮಕ್ಕಳಿಗಾಗಿ ಆಶರ್ ರೈಟ್ ಮತ್ತು ಲಾರಾ ರೈಟ್ ಎಂಬ ಮಿಷನರಿ ದಂಪತಿ ಒಂದು ಆಶ್ರಯ ಶುರು ಮಾಡಿದರು. ಅದಕ್ಕೆ ಥಾಮಸ್ ನೆರವಾದರು, ಅವರ ಹೆಸರನ್ನೇ ಇಟ್ಟರು. ಉದ್ದೇಶದಲ್ಲಿ ಹುಳುಕು ಹುಡುಕೋದು ಕಷ್ಟ. ಹಸಿದ ಮಕ್ಕಳಿಗೆ ಅನ್ನ, ಒಂದು ಸೂರು. ಥಾಮಸ್ 1861ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಯಾಂಕರ್ಸ್‌ನಲ್ಲಿ ತೀರಿಕೊಂಡರು. ಆ ವರ್ಷವೇ ಅಂತರ್ಯುದ್ಧ ಶುರುವಾಗಿತ್ತು. ಯುದ್ಧ ಬೇಡ ಅಂದವರ ಹೆಸರಿನ ಸೇತುವೆಯನ್ನ, ರಾಜಧಾನಿಗೆ ಹೋಗೋ ದಾರಿ ಅಂತ ಸೈನಿಕರು ಬಂದೂಕು ಹಿಡಿದು ಕಾಯ್ತಿದ್ದರು.

1875ರಲ್ಲಿ ಆ ಶಾಲೆಯನ್ನ ನ್ಯೂಯಾರ್ಕ್ ರಾಜ್ಯ ತನ್ನ ಕೈಗೆ ತಗೊಂಡಿತು. ಮುಂದೆ ಅದು ಥಾಮಸ್ ಇಂಡಿಯನ್ ಸ್ಕೂಲ್ ಆಯ್ತು. ಆಶ್ರಯವಾಗಿದ್ದದ್ದು ನಿಧಾನಕ್ಕೆ ಅಚ್ಚು ಎರೆಯೋ ಕಾರ್ಖಾನೆ ಆಯ್ತು. ಮಕ್ಕಳನ್ನ ಮನೆಯಿಂದ ಬೇರೆ ಮಾಡಿದರು. ತಾಯ್ನುಡಿ ಆಡಿದ್ರೆ ಶಿಕ್ಷೆ. ಹೊಡೆತ, ದೌರ್ಜನ್ಯ ನಡೆದವು. 1957ರಲ್ಲಿ ಮುಚ್ಚುವ ಹೊತ್ತಿಗೆ 2,500ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಕಳೆದಿದ್ದರು. ಮನೆಗೆ ಮರಳಿದಾಗ ಅಜ್ಜಿಯ ಜೊತೆ ಮಾತಾಡೋಕೆ ಭಾಷೆಯೇ ಇಲ್ಲ ಅಂದ್ರೆ ಆ ಮಗುವಿನ ಪಾಡು ಏನು? 2025ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಗವರ್ನರ್ ಕ್ಯಾಥಿ ಹೋಕುಲ್ ಸೆನೆಕ ನೆಲಕ್ಕೇ ಹೋಗಿ, ಬದುಕುಳಿದವರ ಮುಂದೆ ರಾಜ್ಯದ ಪರವಾಗಿ ಕ್ಷಮೆ ಕೇಳಿದರು.

ಇದಕ್ಕೆಲ್ಲ ಥಾಮಸ್ ಕಾರಣ ಅಂತ ನಾನು ಹೇಳ್ತಿಲ್ಲ. ರಾಜ್ಯ ಶಾಲೆಯನ್ನ ತಗೊಳ್ಳೋ ಹೊತ್ತಿಗೆ ಅವರು ಸತ್ತು 14 ವರ್ಷ ಆಗಿತ್ತು. ಆದರೆ ಎರಡು ಕೆಲಸದ ನಡುವೆ ಒಂದು ವ್ಯತ್ಯಾಸ ನೋಡಿ. ರೈಲು ಕಂಪನಿಯಲ್ಲಿ ಷೇರುದಾರರಿಗೆ ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕಿತ್ತು. ಕಲ್ಲು ಅಲುಗಾಡಿದ್ರೆ ಕಣ್ಣಿಗೆ ಕಾಣ್ತಿತ್ತು, ವರದಿಯಲ್ಲಿ ಬರೀತಿದ್ದರು, ಬದಲಾಯಿಸ್ತಿದ್ದರು. ಶಾಲೆಯಲ್ಲಿ? ಆ ಮಕ್ಕಳ ತಂದೆ ತಾಯಿಗೆ ಲೆಕ್ಕ ಒಪ್ಪಿಸಬೇಕು ಅಂತ ಅದನ್ನ ನಡೆಸಿದ ಸರ್ಕಾರಕ್ಕೆ ಅನ್ನಿಸಲೇ ಇಲ್ಲ. ಅದಕ್ಕೇ ಹಾಳಾದದ್ದು ದಶಕಗಟ್ಟಲೆ ವರದಿಯಾಗಲಿಲ್ಲ, ಬದಲಾಗಲೂ ಇಲ್ಲ.

ನಮ್ಮಲ್ಲಿ ಅನೇಕರು ನಾಳೆ ಏನಾದರೂ ಕಟ್ಟೋರೇ. ಆಪ್ ಇರಬಹುದು, ಕಂಪನಿ ಇರಬಹುದು, ಊರಿನ ಮಕ್ಕಳಿಗೆ ಒಂದು ಟ್ರಸ್ಟ್ ಇರಬಹುದು. ಒಳ್ಳೇ ಮನಸ್ಸು ಇದೆಯಾ ಅಂತ ಕೇಳಿಕೊಳ್ಳೋದು ಸರಿಯೇ. ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಿ: ಇದು ಕೆಟ್ಟರೆ ನೋವಾಗೋದು ಯಾರಿಗೆ, ಅವರ ದೂರು ಕೇಳೋಕೆ ಇಲ್ಲಿ ಯಾರಿದ್ದಾರೆ?

ಈ ಸಂಚಿಕೆ ಹೇಗಿತ್ತು ಅಂತ ಕಾಮೆಂಟ್‌ನಲ್ಲಿ ತಿಳಿಸಿ. ನಿಮ್ಮ ಊರಲ್ಲೂ ಒಂದು ಹೆಸರಿನ ಹಿಂದೆ ಇಂಥ ಎರಡು ಕಥೆ ಇದ್ದರೆ ಅದನ್ನೂ ಬರೆಯಿರಿ.